ಆರು ಬೆರಳು ಆಳ

“ಗುರುಗಳೇ, ಕಣ್ಣೆದುರಿಗೆ ಜೀವವೊಂದು ನರಳುತ್ತಿರುವಾಗಲೂ ನಿಧಾನವಾಗಿಯೇ ಕೆಲಸ ಮಾಡುವವರ ಎದೆಯಲ್ಲಿ ಕರುಣೆ ಇರುತ್ತದೆಯೇ?” ಎಂದು ನೀಲಮ್ಮ ಕೇಳಿದಳು.

ನೀಲಮ್ಮ ಮಠದ ಆಸ್ಪತ್ರೆಯಲ್ಲಿ ಸೇವೆಗಿದ್ದಳು. ಆ ಬೆಳಿಗ್ಗೆ, ಗಾಜು ತುಳಿದ ಮಗುವೊಂದನ್ನು ಅಲ್ಲಿಗೆ ತಂದಿದ್ದರು. ಮಗು ಕಿರುಚುತ್ತಲೇ ಇತ್ತು. ವೈದ್ಯರು ಒಂದೊಂದೇ ಚೂರನ್ನು ಹುಡುಕಿ ತೆಗೆಯುತ್ತ ಮುಕ್ಕಾಲು ಗಂಟೆ ಕಳೆದರು. ನೀಲಮ್ಮನಿಗೆ ಅದನ್ನು ನೋಡಲಾಗಿರಲಿಲ್ಲ.

ಗುರು ಚೆನ್ನಮಲ್ಲಯ್ಯನವರು ಅವಳನ್ನು ಕೂರಲು ಹೇಳಿ ಈ ಕತೆಯನ್ನು ಹೇಳಿದರು.

ಒಂದು ಚಿನ್ನದ ಗಣಿಯಲ್ಲಿ ಹುಸೇನಪ್ಪನೆಂಬ ಫಿಟ್ಟರ್ ಇದ್ದ. ಮೂವತ್ತು ವರ್ಷ ಗಣಿಯ ಯಂತ್ರಗಳನ್ನು ದುರಸ್ತಿ ಮಾಡಿದವನು. ಮಾತು ಕಡಿಮೆ. ಅವನಿಗೆ ಒಬ್ಬಳೇ ಮಗಳು, ದುರುಗಮ್ಮ. ಅವಳ ಗಂಡ ಅಮರೇಶ ಅದೇ ಗಣಿಯಲ್ಲಿ ಕೆಳಗಿಳಿದು ಬಂಡೆ ಒಡೆಯುತ್ತಿದ್ದ.

ಒಂದು ದಿನ ಬೆಳಿಗ್ಗೆ ಒಂಬತ್ತು ಮಂದಿ ಕೆಳಗಿದ್ದಾಗ ನೀರು ತುಂಬಿದ್ದ ಹಳೆಯ ಸುರಂಗವೊಂದರ ಗೋಡೆ ಒಡೆಯಿತು. ನೀರು ನುಗ್ಗಿತು. ಏಣಿಯ ದಾರಿ ಕುಸಿದು ಮುಚ್ಚಿಹೋಯಿತು. ಇನ್ನು ಉಳಿದದ್ದು ಕೇಜು ಒಂದೇ. ಕೇಜೆಂದರೆ ಜನರನ್ನು ಕೂಡಿಸಿಕೊಂಡು ಹಗ್ಗದ ಮೇಲೆ ಇಳಿದೇರುವ ಕಬ್ಬಿಣದ ಪಂಜರ. ಅದನ್ನು ಇಳಿಸಬೇಕಾದ ಕೆಲಸಗಾರ ಗಾಬರಿಯಲ್ಲಿ ಬ್ರೇಕನ್ನು ಜೋರಾಗಿ ಜಗ್ಗಿದ. ಬ್ರೇಕನ್ನು ಹಿಡಿದಿದ್ದ ಬೋಲ್ಟು ಮುರಿಯಿತು. ಕೇಜು ಮೇಲೆಯೇ ನಿಂತಿತು.

ಆ ಬೋಲ್ಟು ಕಿರುಬೆರಳಿನಷ್ಟು ದಪ್ಪ. ಅದು ಕೂರುವ ತೂತು ಆರು ಬೆರಳು ಆಳ. ಮುರಿದ ತುಂಡು ತೂತಿನ ಬುಡದಲ್ಲಿ ಕಚ್ಚಿಕೊಂಡಿತ್ತು. ಹುಸೇನಪ್ಪ ಬಂದು, ಬಗ್ಗಿ ನೋಡಿದ. ಡ್ರಿಲ್ಲು ಹಿಡಿದು ತುಂಡನ್ನು ಕೊರೆದು ತೆಗೆದ. ತುಂಡಿನ ಜೊತೆಗೆ ತೂತಿನ ಹಳೆಯ ತಿರುಪಿನ ಗೆರೆಗಳೂ ಹೋದವು. ಈಗ ತುಸು ದಪ್ಪನೆಯ ಬೋಲ್ಟಿಗೆ ಹೊಂದುವಂತೆ ಬಾಯಿಂದ ಬುಡದತನಕ ಹೊಸ ಗೆರೆ ಕೊರೆಯಬೇಕಿತ್ತು. ಗೆರೆ ಕೊರೆಯುವ ಯಂತ್ರ ಒಯ್ದು ನಿಲ್ಲಿಸಲು ಅಲ್ಲಿ ಜಾಗವಿರಲಿಲ್ಲ. ಕೈಯಿಂದಲೇ ಆಗಬೇಕು.

ಗೆರೆ ಕೊರೆಯುವ ಉಕ್ಕಿನ ಕಡ್ಡಿಗೆ ಟ್ಯಾಪು ಎನ್ನುತ್ತಾರೆ. ಅಷ್ಟು ಆಳಕ್ಕೆ ಹೋಗುವ ಉದ್ದನೆಯ ಟ್ಯಾಪು ಗಣಿಯಲ್ಲಿ ಒಂದೇ ಇತ್ತು. ಅದು ಬಲು ಗಟ್ಟಿ, ಆದರೆ ಬಾಗುವುದಿಲ್ಲ. ಹೆಚ್ಚು ಬಲ ಬಿದ್ದರೆ ಗಾಜಿನಂತೆ ಮುರಿಯುತ್ತದೆ. ಒಳಗೆ ಮುರಿದರೆ ಯಾವ ಡ್ರಿಲ್ಲೂ ಅದನ್ನು ಕೊರೆಯಲಾರದು. ಆಮೇಲೆ ತೂತೂ ಇಲ್ಲ, ಬ್ರೇಕೂ ಇಲ್ಲ.

ಹುಸೇನಪ್ಪ ಟ್ಯಾಪಿಗೆ ಹಿಡಿ ಸಿಕ್ಕಿಸಿ, ತೂತಿನ ಬಾಯಿಗೆ ನೆಟ್ಟಗೆ ನಿಲ್ಲಿಸಿದ. ಅರ್ಧ ಸುತ್ತು ಮುಂದಕ್ಕೆ ತಿರುಗಿಸಿದ. ಕಾಲು ಸುತ್ತು ಹಿಂದಕ್ಕೆ ತಿರುಗಿಸಿದ. ಒಳಗೆ ಕಬ್ಬಿಣದ ತುರಿ ಮುರಿದ ಸದ್ದು ಕೇಳಿದ ಮೇಲೆ ಮತ್ತೆ ಅರ್ಧ ಸುತ್ತು. ಹೀಗೆ ನಾಲ್ಕೈದು ಸಲವಾದ ಮೇಲೆ ಟ್ಯಾಪನ್ನು ಪೂರ್ತಿ ಹೊರಗೆ ತೆಗೆದ. ಅದಕ್ಕೆ ಅಂಟಿದ್ದ ತುರಿಯನ್ನು ಒರೆಸಿದ. ಸಣ್ಣ ಕಡ್ಡಿಯ ತುದಿಗೆ ಗ್ರೀಸು ಹಚ್ಚಿ ತೂತಿನ ಬುಡದಲ್ಲಿದ್ದ ತುರಿಯನ್ನು ಎತ್ತಿದ. ಎಣ್ಣೆ ಬಿಟ್ಟ. ಮತ್ತೆ ಮೊದಲಿನಿಂದ ಟ್ಯಾಪು ಇಳಿಸಿದ.

ಕೆಳಗಿನಿಂದ ಟೆಲಿಫೋನು ಬಂತು. ನೀರು ಮೊಣಕಾಲಿಗೆ ಬಂದಿದೆ ಎಂದರು.

ಸುದ್ದಿ ಊರಿಗೆ ಹಬ್ಬಿ ಜನ ಓಡಿ ಬಂದರು. ದುರುಗಮ್ಮ ಎಲ್ಲರನ್ನೂ ತಳ್ಳಿಕೊಂಡು ಬ್ರೇಕಿದ್ದ ಕೋಣೆಯೊಳಗೆ ಬಂದಳು. ತಂದೆ ತಿರುಗಿಸಿದ್ದನ್ನು ಹಿಂದಕ್ಕೆ ತಿರುಗಿಸುವುದನ್ನು ಕಂಡಳು. ಇಳಿಸಿದ್ದನ್ನು ಹೊರಗೆ ತೆಗೆದು ಒರೆಸುವುದನ್ನು ಕಂಡಳು.

“ಯಪ್ಪಾ, ಕೆಳಗ ನಿನ್ನ ಅಳಿಯಾ ಅದಾನ! ನಿನ್ನ ಎದಿ ಏನು ಕಲ್ಲಿಂದೇನು?” ಎಂದು ಕೂಗಿದಳು.

ಹುಸೇನಪ್ಪ ತಲೆಯೆತ್ತಲಿಲ್ಲ. “ಇಲ್ಲಿ ಬಾರವ್ವ. ಎಣ್ಣಿ ನೀ ಬಿಡು,” ಎಂದ.

ದುರುಗಮ್ಮ ಎಣ್ಣೆಯ ಡಬ್ಬಿ ಹಿಡಿದು ಕುಳಿತಳು. ಮೊದಲ ಸಲ ಎಣ್ಣೆಯೆಲ್ಲ ಹೊರಗೆ ಚೆಲ್ಲಿತು. ಎರಡನೆಯ ಸಲ ಅರ್ಧ ಒಳಗೆ ಹೋಯಿತು. ಆಮೇಲೆ ತಂದೆ ಟ್ಯಾಪು ತೆಗೆದಾಗಲೆಲ್ಲ ಅವನು ಹೇಳುವ ಮೊದಲೇ ಅವಳು ಎಣ್ಣೆ ಬಿಟ್ಟಳು. ಅವಳು ಅಳುತ್ತಲೇ ಇದ್ದಳು, ಆದರೆ ಎಣ್ಣೆಯ ಧಾರೆ ತಪ್ಪಲಿಲ್ಲ.

ಒಂದು ಗಂಟೆಯಾಯಿತು. ಮೂರು ಬೆರಳು ಆಳ ಮುಗಿಯಿತು. ನೀರು ಸೊಂಟಕ್ಕೆ ಬಂತು.

ಐದು ಬೆರಳು ಆಳ ಮುಗಿಯುವ ಹೊತ್ತಿಗೆ ಟ್ಯಾಪು ಕಿರ್ ಎಂದು ನಿಂತಿತು. ಮುಂದೆ ಹೋಗಲಿಲ್ಲ. ಹಿಂದೆಯೂ ಬರಲಿಲ್ಲ. ಎಲ್ಲೋ ಒಂದು ತುರಿ ಅಡ್ಡ ಬಿದ್ದಿತ್ತು. ಅದೇ ಹೊತ್ತಿಗೆ ಟೆಲಿಫೋನು ಬಂತು. ನೀರು ಎದೆ ಮುಟ್ಟಿತ್ತು.

ಅಲ್ಲಿದ್ದ ಎಂಜಿನಿಯರ್ ಕೆಟ್ಟವನಲ್ಲ. ಅವನಿಗೂ ಕಣ್ಣಲ್ಲಿ ನೀರು ಬಂದಿತ್ತು. ಅವನು ಬಗ್ಗಿ ಟ್ಯಾಪಿನ ಹಿಡಿಗೆ ಕೈ ಹಾಕಿದ. “ಇಬ್ಬರೂ ಸೇರಿ ತಿರುಗಿಸೋಣ, ಹುಸೇನಪ್ಪ. ಇನ್ನೆಷ್ಟು ಹೊತ್ತು ಕಾಯೋದು?”

ಹುಸೇನಪ್ಪ ಮೊದಲ ಬಾರಿಗೆ ತಲೆಯೆತ್ತಿದ. “ಸಾಹೇಬರೇ, ಇದು ಮುರಿದರ ಒಂಬತ್ತು ಮಂದೀನೂ ಮುಳುಗತಾರ. ಕೈ ತೆಗೀರಿ.”

ಎಂಜಿನಿಯರ್ ಕೈ ತೆಗೆದ. ಆಗ ಹುಸೇನಪ್ಪ ತನ್ನ ಕೈಗಳನ್ನೂ ಹಿಡಿಯಿಂದ ತೆಗೆದ. ಮಗಳಿಗೆ ಎಣ್ಣೆ ಬಿಡಲು ಹೇಳಿದ. ಎಣ್ಣೆ ಟ್ಯಾಪಿನ ಮೈಮೇಲಿನ ಉದ್ದನೆಯ ಕಾಲುವೆ ಹಿಡಿದು ಕೆಳಗಿಳಿಯಬೇಕು. ಅದು ಇಳಿಯುವತನಕ ಅವನು ಸುಮ್ಮನೆ ಕುಳಿತ. ಸುತ್ತಲಿನವರು ಬೈದರು. ಒಬ್ಬ ಮುದುಕಿ ಅವನ ಮೇಲೆ ಮಣ್ಣು ತೂರಿದಳು. ಅವನು ತೂತಿನ ಬಾಯಿಗೆ ಅಂಗೈ ಅಡ್ಡ ಹಿಡಿದು, ಮಣ್ಣು ಒಳಗೆ ಬೀಳದಂತೆ ಕಾದ. ಬೇರೇನೂ ಮಾಡಲಿಲ್ಲ.

ಆಮೇಲೆ ಹಿಡಿಯನ್ನು ಎರಡು ಬೆರಳಿನಿಂದ ಹಿಡಿದ. ಕೂದಲಿನಷ್ಟು ಹಿಂದೆ ತಿರುಗಿಸಿದ, ಕೂದಲಿನಷ್ಟು ಮುಂದೆ. ಮತ್ತೆ ಹಿಂದೆ, ಮತ್ತೆ ಮುಂದೆ. ಎಷ್ಟು ಸಲ ಹಾಗೆ ಮಾಡಿದನೋ, ಎಣಿಸಿದವರಿಲ್ಲ. ಕೊನೆಗೆ ಒಳಗೆ ಟಕ್ ಎಂದಿತು. ಮುರಿದದ್ದು ಟ್ಯಾಪಲ್ಲ, ತುರಿ. ಟ್ಯಾಪು ಸಲೀಸಾಗಿ ಮೇಲೆ ಬಂತು. ಅದರ ಹಲ್ಲುಗಳ ನಡುವೆ ಕಬ್ಬಿಣದ ತುರಿ ಗಟ್ಟಿಯಾಗಿ ತುಂಬಿತ್ತು.

“ಇಷ್ಟು ಸಾಕು, ಬೋಲ್ಟು ಹಾಕಿ,” ಎಂದು ಯಾರೋ ಕೂಗಿದರು.

“ಒಂಬತ್ತು ಮಂದಿ ಭಾರ ಅದ. ಇನ್ನೊಂದು ಬೆರಳು ಆಗಬೇಕು,” ಎಂದ ಹುಸೇನಪ್ಪ.

ಆ ಒಂದು ಬೆರಳನ್ನೂ ಅವನು ಮೊದಲ ಬೆರಳಿನಂತೆಯೇ ಕೊರೆದ. ತೂತನ್ನು ತೊಳೆದ. ಹೊಸ ಬೋಲ್ಟನ್ನು ಬೆರಳಿನಿಂದಲೇ ತಿರುಗಿಸಿದ. ಅದು ಎಲ್ಲಿಯೂ ತಡೆಯದೆ ಬುಡದತನಕ ಇಳಿದು ಕುಳಿತಿತು. ಪಾನಾ ಹಾಕಿ ಬಿಗಿದ. ಎದ್ದು ನಿಂತು, “ಬಿಡ್ರಿ ಕೇಜು,” ಎಂದ.

ಕೇಜು ಇಳಿಯಿತು. ಟೆಲಿಫೋನು ಆಗಲೇ ನೀರಿನಲ್ಲಿ ಮುಳುಗಿತ್ತು. ಕೆಳಗೆ ಏನಾಗಿದೆಯೆಂದು ಮೇಲಿನವರಿಗೆ ತಿಳಿಯದು. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಗಂಟೆ ಮೂರು ಸಲ ಬಾರಿಸಿತು. ಜನ ಹತ್ತಿದ್ದಾರೆ, ಎಳೆಯಿರಿ ಎಂಬುದಕ್ಕೆ ಅದೇ ಗುರುತು. ಯಂತ್ರ ಎಳೆಯಿತು. ಬ್ರೇಕು ಹಿಡಿಯಬೇಕಾದಲ್ಲಿ ಹಿಡಿಯಿತು, ಬಿಡಬೇಕಾದಲ್ಲಿ ಬಿಟ್ಟಿತು.

ಕೇಜು ಬೆಳಕಿಗೆ ಬಂತು. ಜನ ಎಣಿಸಿದರು. ಒಬ್ಬ, ಇಬ್ಬರು, ಮೂವರು... ಒಂಬತ್ತೂ ಮಂದಿ ಇದ್ದರು. ಎಲ್ಲರ ಕುತ್ತಿಗೆಯ ಮಟ್ಟಕ್ಕೆ ಕೆಸರಿನ ಗೆರೆ ಇತ್ತು. ಅಮರೇಶ ಒಬ್ಬ ಮುದುಕನನ್ನು ಹೆಗಲ ಮೇಲೆ ಹೊತ್ತು ನಿಂತಿದ್ದ.

ಗಣಿಯ ಸೈರನ್ ಕೂಗಿತು. ಹಲಗೆ ಬಾರಿಸಿದರು. ಒಬ್ಬರ ಬಾಯಿಗೊಬ್ಬರು ಬೆಲ್ಲ ಹಾಕಿದರು. ಮಣ್ಣು ತೂರಿದ ಮುದುಕಿ ಹುಸೇನಪ್ಪನ ತಲೆಯನ್ನು ತನ್ನ ಸೆರಗಿನಿಂದ ಒರೆಸಿದಳು. ಜನ ಅವನನ್ನು ಹೆಗಲ ಮೇಲೆ ಎತ್ತಿಕೊಂಡು ಗಣಿಯ ಅಂಗಳವನ್ನು ಮೂರು ಸುತ್ತು ಸುತ್ತಿದರು. ಎಂಜಿನಿಯರ್ ಎಲ್ಲರಿಗಿಂತ ಮುಂದೆ ಕುಣಿಯುತ್ತಿದ್ದ.

ಅವರು ಇಳಿಸಿದ ಮೇಲೆ ಹುಸೇನಪ್ಪ ಒಂದು ಕಲ್ಲಿನ ಮೇಲೆ ಕುಳಿತ. ದುರುಗಮ್ಮ ಚಹಾ ತಂದುಕೊಟ್ಟಳು. ಅವನು ಲೋಟ ಹಿಡಿದ. ಕೈ ನಡುಗಿ ಚಹಾ ಅಂಗಿಯ ಮೇಲೆ ಚೆಲ್ಲಿತು. ಎರಡೂ ಕೈಯಿಂದ ಹಿಡಿದ. ಎರಡೂ ಕೈ ನಡುಗಿದವು. ಮೊಣಕಾಲು ನಡುಗಿತು, ಗದ್ದ ನಡುಗಿತು. ದುರುಗಮ್ಮ ಲೋಟವನ್ನು ಇಸಿದುಕೊಂಡು, ಮಗುವಿಗೆ ಕುಡಿಸುವಂತೆ ತಂದೆಗೆ ಚಹಾ ಕುಡಿಸಿದಳು. ಹೊತ್ತು ಮುಳುಗುವತನಕ ಆ ನಡುಕ ನಿಲ್ಲಲಿಲ್ಲ.

ಚೆನ್ನಮಲ್ಲಯ್ಯನವರು ಕತೆ ನಿಲ್ಲಿಸಿ ನೀಲಮ್ಮನ ಕಡೆ ನೋಡಿದರು.

“ಈಗ ನೀನು ಹೇಳವ್ವ, ಆ ನಡುಕ ಅಷ್ಟು ಹೊತ್ತೂ ಎಲ್ಲಿತ್ತು?”

ನೀಲಮ್ಮ ಎದ್ದು ಹೋಗಿ, ಒಂದು ಲೋಟ ಚಹಾ ಮಾಡಿ ವೈದ್ಯರ ಕೋಣೆಗೆ ಒಯ್ದಳು.