ಜೀಪಿನ ಎರಡು ಮುಳ್ಳುಗಳು

ಮಲಪ್ರಭೆಯ ದಂಡೆಯ ಮೇಲೆ ಒಂದು ಮಠ. ಮಠಕ್ಕೊಂದು ಜೀಪು. ಜೀಪು ಹಳೆಯದು, ಮಠದ ಸ್ವಾಮಿಗಳಾದ ಅಜ್ಜನವರು ಅದಕ್ಕಿಂತ ಹಳಬರು.

ದಂಡೆಯ ಹಳ್ಳಿಗಳಲ್ಲಿ ಯಾರಿಗೆ ಹೆರಿಗೆ ನೋವು ಬಂದರೂ, ಯಾರನ್ನು ಹಾವು ಕಚ್ಚಿದರೂ ಜನ ಮೊದಲು ಓಡಿ ಬರುತ್ತಿದ್ದುದು ಮಠಕ್ಕೆ. ಅಜ್ಜನವರು ಕಾವಿ ಮೇಲಕ್ಕೆ ಸಿಕ್ಕಿಸಿ, ತಾವೇ ಜೀಪು ಹತ್ತಿ, ಪಟ್ಟಣದ ಆಸ್ಪತ್ರೆಗೆ ಮುಟ್ಟಿಸುತ್ತಿದ್ದರು. ಅವರ ಆಶೀರ್ವಾದಕ್ಕಿಂತ ಅವರ ಡ್ರೈವಿಂಗಿನ ಮೇಲೇ ಊರವರಿಗೆ ಹೆಚ್ಚು ನಂಬಿಕೆ. ಈಗ ಅವರ ಮೊಣಕಾಲು ಕ್ಲಚ್ ಒತ್ತಲು ಒಪ್ಪುತ್ತಿರಲಿಲ್ಲ.

ಹಾಗಾಗಿ ಕೀಲಿ ಶಿಷ್ಯ ಚರಂತಯ್ಯನ ಕೈಗೆ ಬಂದಿತ್ತು.

ಚರಂತಯ್ಯ ಮಠ ಸೇರುವ ಮೊದಲು ಹುಬ್ಬಳ್ಳಿಯ ಗ್ಯಾರೇಜೊಂದರಲ್ಲಿ ಕೈ ಮಸಿ ಮಾಡಿಕೊಂಡವನು. ಮನೆ ಮಠವಾಯಿತೇ ಹೊರತು ಪಾನಾ, ಸ್ಕ್ರೂಡ್ರೈವರುಗಳ ಚೀಲ ಮಾತ್ರ ಅವನನ್ನು ಬಿಟ್ಟಿರಲಿಲ್ಲ. ಜೀಪಿನ ಕೆಲಸ ತನ್ನಷ್ಟು ಬಲ್ಲವನು ಈ ದಂಡೆಯಲ್ಲಿ ಇನ್ನೊಬ್ಬನಿಲ್ಲ ಎಂಬ ಹೆಮ್ಮೆ ಅವನಿಗಿತ್ತು, ಅದು ಸುಳ್ಳೂ ಆಗಿರಲಿಲ್ಲ.

ಆಯುಧ ಪೂಜೆಗೆ ಮುಂಚೆ ಜೀಪಿಗೆ ಹೊಸ ಬಣ್ಣ ಹೊಡೆಯುವುದು ಆ ಮಠದ ಪದ್ಧತಿ. ಈ ಸಲ ಹೊಡೆದವನು ಚರಂತಯ್ಯ. ಸ್ಕ್ರೂಗಳ ಸುತ್ತ ಬ್ರಶ್ ತಿರುಗಿಸಿ ಕೈ ತೊಳೆದುಕೊಳ್ಳುವ ಜಾತಿಯವನಲ್ಲ ಅವನು. ಒಂದೊಂದನ್ನೂ ಬಿಚ್ಚಿ, ಅದರ ಅಡಿಗೂ ಹಸಿರು ಬಳಿದು, ಒಣಗಿಸಿ, ಮತ್ತೆ ಬಿಗಿದಿದ್ದ. ಪೂಜೆಗೆ ಬಂದ ಜನ ದೇವರಿಗೆ ಕೈಮುಗಿಯುವುದು ಬಿಟ್ಟು ಜೀಪನ್ನು ಸವರಿ ನೋಡಿದ್ದರು.

ಪೂಜೆ ಮುಗಿದ ಮೇಲೆ ಮೀಟರುಗಳು ಕೈಕೊಟ್ಟವು. ಡೀಸೆಲ್ ಮುಳ್ಳು ಇದ್ದುದಕ್ಕಿಂತ ಹೆಚ್ಚು ತೋರಿಸತೊಡಗಿತು. ಬಿಸಿಯ ಮುಳ್ಳು, ಇಂಜಿನ್ ತಣ್ಣಗಿದ್ದಾಗಲೂ ಕೆಂಪು ಗೆರೆಯ ಹತ್ತಿರ ಹೋಗಿ ಕೂರುತ್ತಿತ್ತು. ಹಳೇ ಗಾಡಿ, ಇದೆಲ್ಲ ಇದ್ದದ್ದೇ ಎಂದು ಚರಂತಯ್ಯ ಅದನ್ನು ತಲೆಗೆ ಹಚ್ಚಿಕೊಳ್ಳಲಿಲ್ಲ.

ಒಂದು ಮಧ್ಯಾಹ್ನ ತುಂಬು ಬಸುರಿಯೊಬ್ಬಳನ್ನು ಕರೆದೊಯ್ಯುತ್ತಿದ್ದಾಗ ಜೀಪು ನಡುದಾರಿಯಲ್ಲಿ ನಿಂತುಬಿಟ್ಟಿತು. ಮುಳ್ಳು ಅರ್ಧ ಟ್ಯಾಂಕ್ ಎನ್ನುತ್ತಿತ್ತು. ಟ್ಯಾಂಕಿನಲ್ಲಿ ಹನಿ ಡೀಸೆಲ್ ಇರಲಿಲ್ಲ. ಪುಣ್ಯಕ್ಕೆ ಹಿಂದಿನಿಂದ ಹಾಲಿನ ವ್ಯಾನ್ ಬಂತು, ತಾಯಿ ಮಗು ಇಬ್ಬರೂ ಉಳಿದರು. ಚರಂತಯ್ಯನಿಗೆ ಮಾತ್ರ ಆ ಊರಿನಲ್ಲಿ ತಲೆ ಎತ್ತಿ ತಿರುಗುವುದು ಕಷ್ಟವಾಯಿತು.

ಅಜ್ಜನವರು ಬಯ್ಯಲಿಲ್ಲ. ಕೈ ಚಾಚಿ ಕೀಲಿ ಇಸಿದುಕೊಂಡರು.

“ಮೀಟರ್ ಖರೇ ಹೇಳೂವಂಗ ಮಾಡು. ಆಮ್ಯಾಲ ಕೊಡತೀನಿ.”

ಬೈದಿದ್ದರೇ ಚೆನ್ನಾಗಿತ್ತು. ಮಂತ್ರ, ಶಾಸ್ತ್ರಗಳಲ್ಲಿ ಚರಂತಯ್ಯ ಅಷ್ಟಕ್ಕಷ್ಟೆ. ಗುರುಗಳು ತನ್ನನ್ನು ನಂಬಿದ್ದಾರೆ ಎನ್ನುವುದಕ್ಕೆ ಅವನ ಹತ್ತಿರ ಇದ್ದ ಗುರುತು ಆ ಕೀಲಿಯೊಂದೇ. ಅದೂ ಹೋಯಿತೆಂದರೆ ತಾನು ಈ ಮಠದಲ್ಲಿ ಯಾಕಿದ್ದೇನೆ ಎಂದು ಅವನಿಗೇ ತಿಳಿಯದಾಯಿತು.

ಹಟ ಹಿಡಿದು ಕೆಲಸಕ್ಕಿಳಿದ. ಕೀಲಿ ಬೇಕಾದಾಗ ಕೇಳಿ ಪಡೆದು, ಸಂಜೆಗೆ ತಿರುಗಿ ಒಪ್ಪಿಸುತ್ತಿದ್ದ. ಟ್ಯಾಂಕಿನೊಳಗೆ ಡೀಸೆಲ್ ಅಳೆಯುವ ತೇಲುಗುಂಡನ್ನು ಬದಲಿಸಿದ. ಮುಳ್ಳು ಕೇಳಲಿಲ್ಲ. ಇಂಜಿನ್ನಿನ ಬಿಸಿ ಹಿಡಿಯುವ ಸೆನ್ಸರ್ ಬದಲಿಸಿದ. ಅದೂ ಕೇಳಲಿಲ್ಲ. ಪಟ್ಟಣಕ್ಕೆ ಹೋಗಿ ಎರಡೂ ಮೀಟರುಗಳನ್ನು ಹೊಸದಾಗಿ ತಂದು ಕೂಡಿಸಿದ. ಹೊಸವೂ ಹಳೆಯವುಗಳ ಹಾದಿಯನ್ನೇ ಹಿಡಿದವು.

ಕೊನೆಗೆ ರೋಸಿಹೋಗಿ ಮೀಟರಿನ ಗಾಜು ಬಿಚ್ಚಿದ. ಟ್ಯಾಂಕಿಗೆ ಕೋಲು ಇಳಿಸಿ ಡೀಸೆಲ್ ಎಷ್ಟಿದೆಯೆಂದು ನೋಡಿ, ಮುಳ್ಳನ್ನು ಕಿತ್ತು ಸರಿಯಾಗಿ ಅಲ್ಲಿಗೇ ಒತ್ತಿ ಕೂಡಿಸಿದ. ಬಿಸಿಯ ಮುಳ್ಳನ್ನೂ ಹಾಗೆಯೇ ಕೆಳಗಿಳಿಸಿದ. ಗಾಜು ಒರೆಸಿ ಮುಚ್ಚಿದ. ಈ ಉಪಾಯ ಮೊದಲೇ ಹೊಳೆಯಬಾರದಿತ್ತೇ ಎಂದು ತನ್ನನ್ನೇ ಬೈದುಕೊಳ್ಳುವಷ್ಟು ಖುಷಿ ಅವನಿಗೆ.

ಅಜ್ಜನವರನ್ನು ಕರೆದು ತಂದು ತೋರಿಸಿದ. ಅವರು ಕೋಲು ಇಳಿಸಿ ನೋಡಿದರು. ಮೀಟರ್ ನೋಡಿದರು. ಎರಡೂ ಒಂದೇ ಹೇಳಿದವು.

“ಲೈಟ್ ಹಾಕು,” ಎಂದರು.

ಹಾಡುಹಗಲು. ಆದರೂ ಗುರುಗಳ ಮಾತು. ಚರಂತಯ್ಯ ಲೈಟ್ ಹಾಕಿದ.

ಎರಡೂ ಮುಳ್ಳುಗಳು ಒಟ್ಟಿಗೇ ಮೇಲೆದ್ದವು. ಆರಿಸಿದ, ಒಟ್ಟಿಗೇ ಇಳಿದವು.

ವೈರುಗಳು ಹಳೆಯವು, ಬ್ಯಾಟರಿ ಸೋತಿದೆ, ಪೇಟೆಯವರು ಕೊಟ್ಟ ಮೀಟರೇ ಸರಿಯಿಲ್ಲ ಎಂದು ಚರಂತಯ್ಯ ಒಂದಾದ ಮೇಲೊಂದು ಹೇಳುತ್ತ ಹೋದ. ಅಜ್ಜನವರು ಎಲ್ಲವನ್ನೂ ಕೇಳಿಸಿಕೊಂಡರು.

“ಇಬ್ರೂ ಕೂಡೇ ಸುಳ್ಳು ಹೇಳಾಕ ಹತ್ಯಾರ,” ಎಂದರು. “ನೀ ಒಬ್ಬೊಬ್ಬನ್ನ ಹಿಡದು ಬಡದಿ. ಇಬ್ರೂ ಎದರ ಮ್ಯಾಲ ನಿಂತಾರ ಅಂತ ನೋಡಲೇ ಇಲ್ಲ.”

ಇಷ್ಟು ಹೇಳಿ, ಕೋಲೂರುತ್ತ ಪೂಜೆಗೆ ಹೋದರು.

ಚರಂತಯ್ಯ ಮೈ ಮಡಚಿ ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿದ. ಎರಡೂ ಮೀಟರುಗಳಿಂದ, ಅವುಗಳ ಹಿಂದಿನ ಲೈಟಿನಿಂದ ಬಂದ ಕರೆಂಟು ಒಂದೇ ಕಪ್ಪು ವೈರಿನ ಮೂಲಕ ಜೀಪಿನ ಮೈಗೆ ಇಳಿಯಬೇಕು. ಆ ಅರ್ತಿಂಗ್ ವೈರನ್ನು ಒಂದು ಸ್ಕ್ರೂ ಕಬ್ಬಿಣದ ತಗಡಿಗೆ ಬಿಗಿದು ಹಿಡಿದಿತ್ತು. ಸ್ಕ್ರೂ ಗಟ್ಟಿಯಾಗಿಯೇ ಇತ್ತು. ಬಿಚ್ಚಿದ.

ಅಡಿಯಲ್ಲಿ ಹಸಿರು ಬಣ್ಣ. ನುಣುಪಾಗಿ, ಒಂದು ಕೂದಲೆಳೆಯಷ್ಟೂ ಜಾಗ ಬಿಡದೆ ಬಳಿದಿತ್ತು. ವೈರು ಕಬ್ಬಿಣವನ್ನು ಮುಟ್ಟುತ್ತಲೇ ಇರಲಿಲ್ಲ, ಬಣ್ಣವನ್ನು ಮುಟ್ಟಿಕೊಂಡು ಕೂತಿತ್ತು. ಸ್ಕ್ರೂವಿನ ಸಂದಿಯಲ್ಲಿ ನುಸುಳಿದಷ್ಟೇ ಕರೆಂಟು ಇಳಿಯುತ್ತಿತ್ತು, ಉಳಿದದ್ದು ಮುಳ್ಳುಗಳನ್ನು ಮೇಲಕ್ಕೆ ತಳ್ಳುತ್ತಿತ್ತು.

ಯಾರ ಕೈಯೆಂದು ಕೇಳುವ ಹಾಗಿರಲಿಲ್ಲ. ಜನ ಸವರಿ ಸವರಿ ಮೆಚ್ಚಿದ್ದ ಕೆಲಸವೇ ಆ ಬಸುರಿಯನ್ನು ನಡುದಾರಿಯಲ್ಲಿ ನಿಲ್ಲಿಸಿತ್ತು. ಚರಂತಯ್ಯನಿಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ಉಪ್ಪುಕಾಗದ ತಂದು ಆ ಜಾಗವನ್ನು ಬೆಳ್ಳಗೆ ಕಬ್ಬಿಣ ಕಾಣುವವರೆಗೆ ತಿಕ್ಕಿದ. ತುಕ್ಕು ಹಿಡಿಯದಿರಲೆಂದು ವೈರು ಬಿಗಿದ ಮೇಲೆ ಚೂರು ಗ್ರೀಸ್ ಸವರಿದ.

ಕೀಲಿ ತಿರುಗಿಸಿದ. ಲೈಟ್ ಹಾಕಿದ, ಆರಿಸಿದ. ಮುಳ್ಳುಗಳು ಅಲುಗಲಿಲ್ಲ.

ಆದರೆ ಈಗ ಎರಡೂ ಇದ್ದುದಕ್ಕಿಂತ ಕಡಿಮೆ ತೋರಿಸುತ್ತಿದ್ದವು. ಅವನೇ ಕಿತ್ತು ಕೆಳಗೆ ಕೂಡಿಸಿದ್ದ ಮುಳ್ಳುಗಳು. ಹೀಗೇ ಬಿಟ್ಟಿದ್ದರೆ ಇಂಜಿನ್ ಕುದ್ದು ಹೊಗೆಯೆದ್ದರೂ ಮೀಟರ್ ತಣ್ಣಗಿದೆ ಎನ್ನುತ್ತಿತ್ತು.

ಮತ್ತೆ ಗಾಜು ಬಿಚ್ಚಿ ಮೊದಲಿನ ಜಾಗಕ್ಕೆ ಒತ್ತಿದರೆ ಮುಗಿಯಿತು. ನೋಡಿದವರಿಲ್ಲ, ಕೇಳುವವರಿಲ್ಲ. ಸಂಜೆಗೆ ಕೀಲಿ ಕೈಯಲ್ಲಿ.

ಮುಳ್ಳುಗಳನ್ನು ಸರಿಮಾಡಿದ. ಕೋಲು ಇಳಿಸಿ ತಾಳೆ ನೋಡಿದ. ಕೈ ತೊಳೆದು ಹೊಳೆಯ ಮೆಟ್ಟಿಲಿಗೆ ಹೋದ. ಅಜ್ಜನವರು ನೀರಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು. ಎಂದಿನಂತೆ ಕೀಲಿಯನ್ನು ಅವರ ಮಡಿಲಿಗೆ ಒಪ್ಪಿಸಿದ.

“ಮೀಟರ್ ಸರಿ ಆದವ್ರಿ ಅಜ್ಜಾರ. ಕೆಡಿಸಿದಾಂವ ನಾನ ಇದ್ದೆ. ನನ್ನ ಬಣ್ಣ ಅದರ ಕಾಲಾಗ ಸಿಕ್ಕೊಂಡಿತ್ರಿ.”

ಅಜ್ಜನವರು ತಲೆಯಾಡಿಸಿದರು. ಕೀಲಿ ಮಡಿಲಿನಲ್ಲಿಯೇ ಇತ್ತು.

“ಇನ್ನೊಂದ ಐತ್ರಿ,” ಎಂದ ಚರಂತಯ್ಯ. ಅವನ ದನಿ ಸಣ್ಣದಾಯಿತು. “ಮುಂಜಾನೆ ನಿಮಗ ತೋರಿಸಿದ್ನೆಲ್ರಿ, ಅದು ದುರಸ್ತಿ ಅಲ್ರಿ. ಮುಳ್ಳು ಕಿತ್ತು ಬೇಕಾದಲ್ಲಿ ಇಟ್ಟಿದ್ದೆ.”

“ಯಾರರ ನೋಡಿದ್ರೇನು?”

“ಇಲ್ರಿ.”

“ಮತ್ತ್ಯಾಕ ಹೇಳಿದಿ?”

ಚರಂತಯ್ಯ ಹೊಳೆ ನೋಡಿದ. “ನಾ ಹೇಳದೆ ಕೀಲಿ ಇಸ್ಕೊಂಡಿದ್ರ, ನೀವು ನಂಬಿದ್ದು ನನ್ನನ್ನ ಆಗತಿರಲಿಲ್ರಿ, ನನ್ನ ಸುಳ್ಳನ್ನ ಆಗತಿತ್ರಿ.”

ಅಜ್ಜನವರು ಏಳಲು ಕೈ ಚಾಚಿದರು. ಚರಂತಯ್ಯ ಎಬ್ಬಿಸಿದ. ಇಬ್ಬರೂ ನಿಧಾನವಾಗಿ ಜೀಪಿನ ಹತ್ತಿರ ಬಂದರು. ಅಜ್ಜನವರು ಸ್ಟೇರಿಂಗಿನ ಬದಿಯನ್ನು ದಾಟಿ, ಸುತ್ತು ಹಾಕಿ, ಎಡಗಡೆಯ ಸೀಟು ಹತ್ತಿದರು. ಆ ಸೀಟಿನಲ್ಲಿ ಅವರು ಕೂತದ್ದನ್ನು ದಂಡೆಯ ಯಾವ ಊರಿನವರೂ ಕಂಡಿರಲಿಲ್ಲ.

ಕೀಲಿ ಚರಂತಯ್ಯನ ಅಂಗೈಗೆ ಬಂತು. ಅವನ ಎದೆ ಉಬ್ಬಿತು. ಬಹಳ ದಿನಗಳ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತು, ಕೀಲಿ ತಿರುಗಿಸಿದ.

“ಎಣ್ಣಿ ಎಷ್ಟೈತಿ ಒಮ್ಮೆ ನೀವೂ ನೋಡ್ರಿ ಅಜ್ಜಾರ,” ಎಂದು ಮೀಟರಿನ ಕಡೆ ಬೆರಳು ತೋರಿಸಿದ.

ಅಜ್ಜನವರು ಅತ್ತ ತಿರುಗಲಿಲ್ಲ.

“ಅದನ್ನ ನೀ ನೋಡು. ನನಗ ನಿನ್ನ ಮಾರಿ ನೋಡಿದ್ರ ಸಾಕು.”