ಒಳಲೆಯ ಹಾಲು

"ಗುರುಗಳೇ, ಹೊಟ್ಟೆಕಿಚ್ಚು ಪಟ್ಟವರನ್ನೇ ಸುಡುತ್ತದೆ ಎನ್ನುತ್ತಾರೆ. ಸುಟ್ಟರೆ ನನ್ನನ್ನು ತಾನೆ? ಬೇರೆಯವರಿಗೆ ಅದರಿಂದೇನು ಕೇಡು?" ಎಂದು, ಗೆಳೆಯನ ಏಳಿಗೆಗೆ ಕರುಬುತ್ತಿದ್ದ ಶಿಷ್ಯನೊಬ್ಬ ಕೇಳಿದ.

ಗುರುಗಳು ಹೇಳಿದರು:

ಒಬ್ಬ ನೇಕಾರನ ಮನೆಯಲ್ಲಿ ಇಬ್ಬರು ಸೊಸೆಯರಿದ್ದರು. ಹಿರಿಯಳು ಒಂಬತ್ತು ವರ್ಷ ಕಾದು ಬಸುರಿಯಾದಳು, ಏಳನೆಯ ತಿಂಗಳಿಗೇ ಹೆತ್ತಳು. ಅದೇ ವಾರ ಕಿರಿಯಳು ದಿನ ತುಂಬಿ ಹೆತ್ತಳು. ಅವಳಿಗೆ ಮದುವೆಯಾಗಿ ಇನ್ನೂ ವರ್ಷವಾಗಿತ್ತಷ್ಟೆ.

ಹಿರಿಯಳ ಕೂಸಿಗೆ ಮೊಲೆ ಹೀರುವ ಶಕ್ತಿಯಿರಲಿಲ್ಲ. ಹಿಂಡಿದ ಹಾಲನ್ನು ಒಳಲೆಯೆಂಬ ಪುಟ್ಟ ಬಟ್ಟಲಿನ ಮೂತಿಯಿಂದ ತುಟಿಗೆ ಬಿಡಲು ಸೂಲಗಿತ್ತಿ ಕಲಿಸಿದಳು.

"ನೋಡವ್ವ, ಇದಕ್ಕೆ ನುಂಗೋದು, ಉಸಿರಾಡೋದು ಎರಡೂ ಒಟ್ಟಿಗೆ ಬರೋದಿಲ್ಲ. ಒಂದು ಹನಿ ಬಿಡು, ಗಂಟಲು ನೋಡು. ನುಂಗಿ ಉಸಿರೆಳೆದ ಮೇಲೆ ಇನ್ನೊಂದು ಹನಿ. ಕೂಸಿನ ಮೇಲಿಂದ ಕಣ್ಣು ತೆಗೀಬೇಡ."

ಹದಿನೈದು ದಿನ ಹಾಗೆಯೇ ನಡೆಯಿತು. ಕೂಸಿನ ಕೆನ್ನೆಗೆ ಒಂದಿಷ್ಟು ಬಣ್ಣವೂ ಬಂತು. ತಾಯಿಗೆ ಅದು ಕಾಣಲಿಲ್ಲ. ಅವಳ ಕಿವಿಯೆಲ್ಲ ಕಿರಿಯಳ ಕಡೆಗಿತ್ತು. ಅಲ್ಲಿ ಕೂಸು ಲೊಚಲೊಚನೆ ಕುಡಿದು, ಕಕ್ಕಿ, ಮತ್ತೆ ಕುಡಿಯುತ್ತಿತ್ತು. ಆ ಸದ್ದಿಗೆ ಇವಳ ಮೈ ಉರಿಯುತ್ತಿತ್ತು. ಹರಕೆ ಹೊತ್ತವಳು ನಾನು, ಫಲ ಉಂಡವಳು ಅವಳು ಎಂದುಕೊಳ್ಳುವಳು. ಇವಳ ಸಂಕಟ ಅರಿತು ಕಿರಿಯಳು ಗೋಡೆಗೆ ಮುಖ ಮಾಡಿ ಹಾಲೂಡಿಸಿದಳು. ನನ್ನ ದೃಷ್ಟಿ ತಾಗೀತೆಂದು ಬಚ್ಚಿಡುತ್ತಾಳೆ ಎಂದು ಅದಕ್ಕೂ ಸಿಟ್ಟು. ಹೊಟ್ಟೆಕಿಚ್ಚಿಗೆ ನೆಪ ಹುಡುಕಿಕೊಡಬೇಕೆ?

ಒಂದು ಬೆಳಿಗ್ಗೆ ಕಿರಿಯಳ ಕೂಸು ದೊಡ್ಡದಾಗಿ ತೇಗಿತು. ಅತ್ತೆ ನಕ್ಕಳು. "ಹೊಟ್ಟೆ ತುಂಬಿತೇನೋ ನನ್ನಪ್ಪ" ಎಂದಳು. ತೊಡೆಯ ಮೇಲೆ ಕೂಸು, ಕೈಯಲ್ಲಿ ಒಳಲೆ ಹಿಡಿದು ಕೂತಿದ್ದ ಹಿರಿಯಳು ತಲೆಯೆತ್ತಿ ಅತ್ತ ನೋಡಿದಳು. ನೋಡುತ್ತಲೇ ಉಳಿದಳು. ಒಳಲೆ ಬಾಗಿದ್ದು ಅವಳಿಗೆ ತಿಳಿಯಲಿಲ್ಲ. ಹಾಲು ನೆತ್ತಿಗೆ ಹತ್ತಿ, ಕೆಮ್ಮಲೂ ಆಗದೆ ಕೂಸು ನೀಲಿಗಟ್ಟಿತು.

ಮೊದಲು ಕಂಡವಳು ಕಿರಿಯಳು. ತನ್ನ ಕೂಸನ್ನು ಚಾಪೆಗೆ ಹಾಕಿ ಓಡಿಬಂದು, ಇದನ್ನು ಕೈಮೇಲೆ ಬೋರಲು ಮಲಗಿಸಿ ಬೆನ್ನು ತಟ್ಟಿದಳು. ಬಹಳ ಹೊತ್ತಾದ ಮೇಲೆ ಕೂಸು ಅತ್ತಿತು.

ಕತೆ ಅಲ್ಲಿಗೆ ಮುಗಿಯಿತು. ಶಿಷ್ಯ ಸಮಾಧಾನದ ಉಸಿರು ಬಿಟ್ಟು, "ಸದ್ಯ, ಉಳಿಯಿತಲ್ಲ" ಎಂದ.

"ಕಿಚ್ಚು ಇದ್ದದ್ದು ತಾಯಿಯ ಹೊಟ್ಟೆಯಲ್ಲಿ, ಉಸಿರು ಕಟ್ಟಿದ್ದು ಯಾರಿಗಪ್ಪಾ?" ಎಂದರು ಗುರುಗಳು.