ಕತ್ತು ಬಗ್ಗಿಸಿದ ಕನ್ನಡಿ

ಜೊತೆಗಾತಿ ಸತ್ತ ಮೇಲೆ ಪಂಜರದ ಗಂಡು ಗಿಳಿ ಕಾಳು ಮುಟ್ಟಲಿಲ್ಲ. ಸಾಕಿದ ಗಿರಿಜಕ್ಕ ಸೀಬೆಹಣ್ಣಿನ ಹೋಳಿಟ್ಟಳು, ಅದನ್ನೂ ಗಿಳಿ ಮೂಸಲಿಲ್ಲ. ಕೊನೆಗೆ ತನ್ನ ಕೈಗನ್ನಡಿಯನ್ನೇ ತಂದು, ಸತ್ತ ಹೆಣ್ಣು ಕೂರುತ್ತಿದ್ದ ಜಾಗದಲ್ಲಿ ಕಟ್ಟಿದಳು.

"ಇನ್ನು ಕೊರಗಬೇಡ," ಎಂದಿತು ಕನ್ನಡಿ. "ನಾನಿದ್ದೇನೆ. ನೀನು ಕೂತರೆ ಕೂರುತ್ತೇನೆ, ರೆಕ್ಕೆ ಬಡಿದರೆ ಬಡಿಯುತ್ತೇನೆ. ಅಪ್ಪಿತಪ್ಪಿಯೂ ಜಗಳವಾಡುವುದಿಲ್ಲ."

"ಅವಳು ಬೇಕಾದಷ್ಟು ಜಗಳವಾಡುತ್ತಿದ್ದಳು," ಎಂದಿತು ಗಿಳಿ. "ಆದರೆ ಕತ್ತಿನ ಹಿಂಭಾಗ ನನ್ನ ಕೊಕ್ಕಿಗೆ ಎಟುಕುವುದಿಲ್ಲ. ನಾನು ತಲೆ ಬಗ್ಗಿಸಿದರೆ ಸಾಕು, ಅವಳು ಬಂದು ಅಲ್ಲಿ ಕೆರೆಯುತ್ತಿದ್ದಳು. ನೀನು ಕೆರೆಯುತ್ತೀಯಾ?"

"ಅದೇನು ಮಹಾ! ಬಗ್ಗಿಸು, ನೋಡೋಣ."

ಗಿಳಿ ಕನ್ನಡಿಯ ಹತ್ತಿರಕ್ಕೆ ಸರಿದು ತಲೆ ಬಗ್ಗಿಸಿತು. ಕನ್ನಡಿಯೂ ಬಗ್ಗಿಸಿತು. ಗಿಳಿ ಕಾಯಿತು. ಕನ್ನಡಿಯೂ ಕಾಯಿತು. ಕೆರೆಯುವವರು ಯಾರೂ ಇಲ್ಲವೆಂದು ತಿಳಿದರೂ ಗಿಳಿಗೆ ತಲೆ ಎತ್ತಲು ಮನಸ್ಸಾಗಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಗಿರಿಜಕ್ಕ, ಎರಡು ತಲೆಗಳು ಒಂದಕ್ಕೊಂದು ಒರಗಿದ್ದನ್ನು ಕಂಡು, "ಅಬ್ಬ, ಅಂತೂ ಹೊಂದಿಕೊಂಡಿತು," ಎಂದು ನೆಮ್ಮದಿಯಿಂದ ಒಳಗೆ ಹೋದಳು.